ಲೀಲಕ್ಕನಿಲ್ಲದ ವಂಶವೃಕ್ಷ

ಹಳೆಯ ವಂಶವೃಕ್ಷ ಬಿಡಿಸಿದರೆ ಇಂದಿಗೂ ನನಗೆ ಕಾರ್ಬನ್ ಕಾಗದದ ವಾಸನೆ ಬಂದಂತಾಗುತ್ತದೆ.

ಆ ಮಧ್ಯಾಹ್ನ ಶಿರಿಯದ ಮನೆಯ ಚಾವಡಿಯಲ್ಲಿ, ಆಸ್ತಿ ಪಾಲಿಗೆಂದು, ಅಮ್ಮನ ಅಣ್ಣ ಒಂದೊಂದೇ ಹೆಸರು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ನಮ್ಮಲ್ಲಿ ಕುಟುಂಬ ಮುಂದುವರಿಯುವುದು ಹೆಣ್ಣುಮಕ್ಕಳಿಂದ, ಆಸ್ತಿಯ ಪಾಲು ಸಲ್ಲುವುದೂ ಅವರ ಮಕ್ಕಳಿಗೆ. ಅಮ್ಮನ ಅಕ್ಕ, ತೀರಿಕೊಂಡ ದೊಡ್ಡಮ್ಮನ ಹೆಸರು ಬಂದಾಗ ಮಾವ, "ಸಂತಾನವಿಲ್ಲ ಅಂತ ಬರಿ" ಎಂದರು.

"ದೊಡ್ಡಮ್ಮನ ಮಗಳು ಲೀಲಕ್ಕ ಇದ್ದಾಳಲ್ಲ ಮಾವ?"

"ಅವಳು ಅಪ್ಪನ ಮನೆಯಲ್ಲಿ ಬೆಳೆದವಳು. ನಿನ್ನನ್ನು ಕೂರಿಸಿದ್ದು ಅಕ್ಷರ ಚೆಂದ ಉಂಟು ಅಂತ, ಪ್ರಶ್ನೆ ಕೇಳ್ಲಿಕ್ಕಲ್ಲ ಮಾರಾಯ."

ಒಳಗೆ ಅಮ್ಮ ಕೆಮ್ಮಿದರು. ಅಥವಾ ಆ ಕೆಮ್ಮನ್ನು ಆಮೇಲೆ ನಾನೇ ಸೇರಿಸಿಕೊಂಡೆನೋ ಏನೋ. ಆ ದಿನ ನಮ್ಮಲ್ಲಿಗೆ ಬಂದಿದ್ದ ಲೀಲಕ್ಕ ನಮಗೆ ಮಜ್ಜಿಗೆ ತಂದಿಟ್ಟು ಹೋಗಿದ್ದಳೋ, ಬಾಗಿಲಲ್ಲೇ ನಿಂತಿದ್ದಳೋ, ಅದೂ ಖಚಿತವಿಲ್ಲ. ಅಡಿಯ ಎರಡು ಪ್ರತಿಗಳಲ್ಲೂ ಸರಿಯಾಗಿ ಮೂಡಲೆಂದು 'ಸಂತಾನವಿಲ್ಲ' ಎಂಬ ಪದವನ್ನು ನಾನು ಒತ್ತಿ ಬರೆದದ್ದು ಮಾತ್ರ ಖಚಿತ.