ಅಳಿಯನ ಎದುರು

“ಗಾಳಿ ಹೋಯ್ತೇನಮ್ಮಾ?” ನರ್ಸ್ ಮೂರನೇ ಸಲ ಕೇಳಿದಾಗಲೂ ಅತ್ತೆ ಇಲ್ಲವೆಂದು ತಲೆಯಾಡಿಸಿದರು. ಕರುಳಿನ ಆಪರೇಷನ್ ಆಗಿ ಅದು ನಾಲ್ಕನೇ ದಿನ. ಮಧ್ಯಾಹ್ನದೊಳಗೆ ಗಾಳಿ ಹೋಗದಿದ್ದರೆ ಹೊಟ್ಟೆ ಮತ್ತೆ ಕೊಯ್ಯಬೇಕಾಗಬಹುದು ಎಂದು ಡಾಕ್ಟರು ಹೇಳಿಹೋಗಿದ್ದರು. ಮಂಚಕ್ಕಂಟಿದ ಸ್ಟೂಲು ಬಿಟ್ಟು ಕದಲದ ಅಳಿಯ ಗಡಿಯಾರ ನೋಡಿದ. ಹನ್ನೊಂದೂವರೆ.

ಅಷ್ಟರಲ್ಲಿ ಅತ್ತೆಯ ಹೊಟ್ಟೆ ಗುಡುಗುಟ್ಟಿತು. ಅವರು ತಟ್ಟನೆ ಕಾಲು ಜೋಡಿಸಿ, ಹೊದಿಕೆಯ ಅಂಚನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಅವನತ್ತ ಕದ್ದು ನೋಡಿದರು. ಹದಿನೆಂಟು ವರ್ಷದಲ್ಲಿ ಅವನ ಮುಂದೆ ಒಮ್ಮೆಯೂ ಆಕಳಿಸದ ಹೆಂಗಸು! ಅವನಿಗೆ ಹೊಳೆಯಿತು.

“ಅತ್ತೆ, ಟೀ ಕುಡ್ಕೊಂಡು ಬರ್ತೀನಿ.”

“ಹೋಗ್ಬಾಪ್ಪ. ಅವಸರ ಏನಿಲ್ಲ, ನಿಧಾನಕ್ಕೆ ಬಾ.”

ಬಾಗಿಲೆಳೆದುಕೊಂಡು ಅವನು ಹೊರಗೆ ಉಸಿರು ಬಿಗಿಹಿಡಿದು ನಿಂತ. ಒಳಗಿನಿಂದ ಹಳೇ ಬಟ್ಟೆ ಹರಿದಂಥ ಉದ್ದನೆಯ ಸದ್ದು ಬಂತು. ಅಳಿಯ ಕಣ್ಣೊರೆಸಿಕೊಂಡು, ಅಲ್ಲೇ ನಿಂತಿದ್ದನೆಂದು ಅತ್ತೆಗೆ ತಿಳಿಯದಂತೆ, ಚಪ್ಪಲಿ ಕೈಯಲ್ಲಿ ಹಿಡಿದು ಮೆಲ್ಲಗೆ ಟೀ ಕುಡಿಯಲು ಹೊರಟ.