ಜಾಕೆಟ್ ಬಿಚ್ಚಿದ ದಿನ

"ಹಾರ್ಟು ಚೆನ್ನಾಗಿ ಚೇತರಿಸಿಕೊಂಡಿದೆ ಸಿದ್ದರಾಜು. ಇನ್ನು ಈ ಜಾಕೆಟ್ ಬೇಡ," ಎಂದರು ಡಾಕ್ಟರು. ಎದೆಬಡಿತ ತಾಳ ತಪ್ಪಿದರೆ ಶಾಕ್ ಕೊಟ್ಟು ಜೀವ ಉಳಿಸುವ ಜಾಕೆಟ್ ಅದು.

"ಇನ್ನೊಂದಷ್ಟು ದಿನ ಇರ್ಲಿ ಬಿಡಿ ಸಾರ್," ಎಂದಳು ಹೆಂಡತಿ ಅವಸರದಿಂದ.

ಸಿದ್ದರಾಜುವಿಗೆ ಗುಮಾನಿ ಹತ್ತಿತು. ಗಂಡ ಗುಣವಾದ ಅಂದರೆ ಮುಖ ಬಿಳಿಚಿಕೊಳ್ಳುವ ಹೆಂಗಸು ಯಾವಳು? ಇವಳ ಮನಸ್ಸಿನಲ್ಲಿ ಏನೋ ಇದೆ.

"ಬೇಡವೇ ಬೇಡ ಸಾರ್. ಸಿಟ್ಟು ಮಾಡ್ಕೊಂಡ್ರೆ ಶಾಕ್ ಹೊಡೆಯುತ್ತಂತೆ. ಇವಳು ಹಂಗಂದಾಗಿಂದ ಒಂದ್ ಮಾತು ಜೋರಾಗಿ ಆಡಿಲ್ಲ ನಾನು."

ಡಾಕ್ಟರು ನಕ್ಕರು. "ಸಿಟ್ಟಿಗೆಲ್ಲ ಇದು ಶಾಕ್ ಹೊಡೆಯಲ್ಲಪ್ಪ. ನಾವು ಯಾವತ್ತೂ ಹಂಗೆ ಹೇಳಿಲ್ವಲ್ಲ?"

ಸಿದ್ದರಾಜು ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

ಮನೆ ತಲುಪಿ ಅವನು ಬಾಗಿಲಿನ ಅಗುಳಿ ಹಾಕುವಷ್ಟರಲ್ಲಿ, ಅವಳು ತನ್ನ ಕನ್ನಡಕ ತೆಗೆದು, ಜಾಕೆಟ್ ಬರುವ ಮೊದಲಿನ ಹಾಗೆ, ಒಡೆಯದಿರಲೆಂದು ಅಕ್ಕಿ ಡಬ್ಬದೊಳಗೆ ಬಚ್ಚಿಟ್ಟಳು.