ಕೊಕ್ಕೆಯೋ ನೆರಿಗೆಯೋ

ರೇಡಿಯೋ ಮೇಷ್ಟ್ರಿಗೆ ಕಣ್ಣು ಕಾಣದು. ಎದುರಿಗೆ ಕೂತ ಟೈಲರಮ್ಮನಿಗೆ ಇಂಗ್ಲಿಷ್ ಬಾರದು. ಇಬ್ಬರ ನಡುವೆ ಟೈಲರಮ್ಮ ಕೊಂಡು ತಂದ ಹಳೇ ಕಂಪ್ಯೂಟರ್, ಹಿಂದಿನ ಯಜಮಾನನ ಪಾಸ್‌ವರ್ಡ್ ಬೇಕೆಂದು ಹಠ ಹಿಡಿದು ಕೂತಿತ್ತು. ಅದು ದಾರಿಗೆ ಬರದಿದ್ದರೆ ಕಸೂತಿ ಯಂತ್ರ ಓಡದು, ಇನ್ನೂರು ಶಾಲಾ ಅಂಗಿಗಳ ಕೆಲಸ ಸೋಮವಾರ ಬೇರೆಯವರ ಪಾಲು. ಕಣ್ಣಿದ್ದ ಇಬ್ಬರು ರಿಪೇರಿಯವರು ಆಗಲೇ "ಜೊತೆಗೆ ಬಂದ ಡಿಸ್ಕ್ ಇಲ್ವಾ? ಹಾಗಾದ್ರೆ ಗುಜರಿಗೆ ಹಾಕಿ" ಎಂದು ಕೈತೊಳೆದುಕೊಂಡಿದ್ದರು.

"ಕಂಪನಿಯವರು ಆ ಡಿಸ್ಕಿನ ಒಂದು ಪ್ರತಿ ಇದರ ಹೊಟ್ಟೇಲೇ ಬಚ್ಚಿಟ್ಟಿರ್ತಾರೆ ತಾಯಿ" ಎಂದ ಮೇಷ್ಟ್ರು, ಕೀಲಿಮಣೆಯ ಮೇಲಿನ ಸಾಲನ್ನು ಬೆರಳಲ್ಲೇ ಎಣಿಸಿ ಒಂದು ಕೀಲಿಯನ್ನು ಟಕಟಕ ಒತ್ತಿದರು. "ಮಿಕ್ಕ ಹೊತ್ತಲ್ಲಿ ಕಂಪ್ಯೂಟರೇ ನನಗೆ ಓದಿ ಹೇಳುತ್ತೆ. ಈ ಪರದೆಗೆ ಮಾತ್ರ ಬಾಯಿಲ್ಲ. ಏನು ಬಂತು ಹೇಳಿ."

"ಎರಡು ಸಾಲು ಬಂತು. ನಂಗೆ ಓದೋಕೆ ಬರಲ್ವಲ್ಲ ಮೇಷ್ಟ್ರೇ!"

"ಓದೋದು ಬೇಡ, ನೋಡಿದ್ರೆ ಸಾಕು. ಒಂದು ಸಾಲು 'ರಿಸ್ಟೋರ್', ಇದನ್ನ ಹೊಸದರ ಹಾಗೆ ಮಾಡುತ್ತೆ. ಇನ್ನೊಂದು 'ರಿಮೂವ್', ಬಚ್ಚಿಟ್ಟಿದ್ದನ್ನೂ ಅಳಿಸಿಬಿಡುತ್ತೆ. ಆಮೇಲೆ ಗುಜರಿಯೇ ಗತಿ. ಯಾವುದು ಮೇಲೆ, ಯಾವುದು ಕೆಳಗೆ ಅನ್ನೋದು ಕಂಪನಿಗೊಂದು ಥರ. ಎರಡಕ್ಕೂ ಮೊದಲೆರಡು ಅಕ್ಷರ ಒಂದೇ. ಮೂರನೇದು ಹೇಗಿದೆ?"

ಟೈಲರಮ್ಮ ಕನ್ನಡಕ ಒರೆಸಿಕೊಂಡು, ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. "ಮೇಲಿಂದು ನೆರಿಗೆ ಹಿಡಿದ ಹಾಗಿದೆ, ಎರಡು ನೆರಿಗೆ. ಕೆಳಗಿಂದು ಕೊಕ್ಕೆ. ಎರಡೂ ತುದಿ ಬಾಗಿದೆ."

"ಭಲೇ! ಇಷ್ಟು ಚೆನ್ನಾಗಿ ನಂಗೆ ಯಾರೂ ಅಕ್ಷರ ಹೇಳಿಕೊಟ್ಟಿರಲಿಲ್ಲ. ನಮಗೆ ಬೇಕಾದ್ದು ಕೊಕ್ಕೆ. ಈಗ ಬೆಳಕು ಯಾವುದರ ಮೇಲಿದೆ?"

"ಅಯ್ಯೋ, ನೆರಿಗೆ ಮೇಲೆ!"

ಎಂಟರ್ ಕೀಲಿಯತ್ತ ಇಳಿಯುತ್ತಿದ್ದ ಬೆರಳು ಗಾಳಿಯಲ್ಲೇ ನಿಂತಿತು. ಮೆಲ್ಲಗೆ ಪಕ್ಕಕ್ಕೆ ಸರಿದು, ಕೆಳಮುಖದ ಬಾಣವನ್ನು ಒಮ್ಮೆ ಒತ್ತಿತು.

"ಈಗ?"

"ಕೊಕ್ಕೆ." ಮತ್ತೆ ಬಗ್ಗಿ ನೋಡಿ, "ಕೊಕ್ಕೆಯೇ, ಒತ್ತಿ."

ಮತ್ತೊಂದು ಮಾತು ಕೇಳದೆ ಮೇಷ್ಟ್ರು ಒತ್ತಿದರು.

ಕಂಪ್ಯೂಟರ್ ಅರ್ಧ ಗಂಟೆ ಗುರುಗುಟ್ಟಿತು. ಟೈಲರಮ್ಮ ಪರದೆಯನ್ನೇ ನೋಡುತ್ತಿದ್ದರು. ಸದ್ದು ಕೇಳಿಯೇ ಊರ ರೇಡಿಯೋಗಳನ್ನೆಲ್ಲ ಸರಿಮಾಡಿದ್ದ ಮೇಷ್ಟ್ರು, ಒಳಗಿನ ಫ್ಯಾನಿಗೆ ಕಿವಿಗೊಟ್ಟಿದ್ದರು. "ಏದುಸಿರು ಇಳೀತು. ಬಂತು ನೋಡಿ" ಎಂದರು. ಪರದೆ ಬೆಳಗಿದ್ದು ಅದಾದ ಮೇಲೆ. ಎಂಥ ಮನುಷ್ಯನಪ್ಪಾ ಎಂದು ಟೈಲರಮ್ಮ ದಂಗಾದರು.

ಯಾವ ಭಾಷೆ ಬೇಕೆಂದು ಕೇಳುವ ಉದ್ದದ ಪಟ್ಟಿ ಬಂದಿತ್ತು. ಮೇಷ್ಟ್ರು ಬಾಣ ಒತ್ತುತ್ತಾ ಒಂದೊಂದೇ ಸಾಲು ಇಳಿಯುತ್ತಾ ಹೋದರು.

"ನಿಲ್ಲಿ, ನಿಲ್ಲಿ!" ಟೈಲರಮ್ಮ ಅವರ ಕೈ ಹಿಡಿದು, ಪಕ್ಕದ ಅಂಗಡಿಗೂ ಕೇಳುವಂತೆ ಓದಿದರು: "ಕನ್ನಡ!"

ಮೇಷ್ಟ್ರು ಕೀಲಿಮಣೆಯನ್ನು ಅವರ ಕಡೆಗೆ ತಳ್ಳಿದರು.